ಎರಡು ಬಿಲ್ಲೆಗಳ ನಡುವಣ ಸಂದು
(ಬಾನುಲಿ ಭಾಷಣ)

ನಮ್ಮ ಸಾಹಿತ್ಯದಲ್ಲೆಲ್ಲ ಅತ್ಯಂತ ಪ್ರಸಿದ್ಧವಾದ ನೆಲ ಯಾವುದೆಂದು ಕೇಳಿದರೆ ಬಹುಮಟ್ಟಿಗೆ ಎಲ್ಲರೂ ಮಯನು ಪಾಂಡವರಿಗೆ ಕಟ್ಟಿಕೊಟ್ಟ ಸಭಾಭವನದ ನೆಲವನ್ನೇ ಹೆಸರಿಸಿಯಾರು. ದುರ್ಯೋಧನನು ಅಲ್ಲಿ ನೆಲವನ್ನು ಕಂಡು ನೀರೆಂದು ಬಗೆದು ಉಟ್ಟ ಬಟ್ಟೆಯನ್ನು ಮೇಲೆತ್ತಿಕೊಂಡ. ನೀರನ್ನು ಕಂಡು ನೆಲವೆಂದು ಬಗೆದು ಕಾಲಿಟ್ಟು ಬಿದ್ದ. ಆ ಒಂದು ಕಾಲ್ತಪ್ಪಿನಿಂದ ಎಷ್ಟು ದೊಡ್ಡ ಕಥೆ ಬೆಳೆಯಿತೆಂಬುದು ಎಲ್ಲರೂ ಬಲ್ಲ ವಿಷಯ. ಈ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಒಂದು ಸಣ್ಣ ಯೋಚನೆ ಬರುತ್ತದೆ. ಆ ನೆಲದಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದು ಕಾಣುತ್ತಿದ್ದಿದ್ದರೆ ಯಾರೂ ಅದನ್ನು ನೀರೆಂದು ಭ್ರಮಿಸುತ್ತಿರಲಿಲ್ಲ. ಸಂದಿಲ್ಲದ ನೆಲ ಮಯನಿಗೆ ಸಾಧ್ಯ. ಮನುಷ್ಯರು ಹಾಸಿದ ನೆಲಕ್ಕೆ ಸಂದು ಇದ್ದೇ ಇರುತ್ತದೆ. ಇಂದಿನ ನನ್ನ ಮಾತು ಆ ಸಂದನ್ನೂ ಅದರಲ್ಲಿ ತುಂಬುವ ಗಾರೆಯನ್ನೂ ಕುರಿತದ್ದು.

ಇದೇನು ಚರಿತ್ರೆಯ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನಡುಮನೆಯಲ್ಲಿ ನಡೆಯುವಾಗ ಕಾಲಡಿಯಲ್ಲಿ ಒಂದು ಬಿಲ್ಲೆ ಟಕ್ಕೆಂದು ಅಲುಗುತ್ತದೆ. ಗುಡಿಸುವಾಗ ಪೊರಕೆಯ ತುದಿಗೆ ಸಂದಿನಿಂದ ಬೂದಿಯಂಥ ಪುಡಿ ಏಳುತ್ತದೆ. ಮನೆವಾರ್ತೆಯಲ್ಲಿ ಇದು ಅಲ್ಪಸಂಗತಿ. ಮೇಸ್ತ್ರಿಯನ್ನು ಕರೆಸಿದರೆ ಆತ ಬಾಗಿಲಲ್ಲೇ ನಿಂತು ಒಮ್ಮೆ ಕಣ್ಣಾಡಿಸಿ, ‘ಎಲ್ಲಾ ಕಿತ್ತು ಹೊಸದು ಹಾಕಿಬಿಡೋಣ ಸ್ವಾಮಿ, ಒಂದೇ ಸಲಕ್ಕೆ ಮುಗಿದು ಹೋಗುತ್ತೆ’ ಎನ್ನುತ್ತಾನೆ. ನಾವೂ ಹೂಂ ಎನ್ನುತ್ತೇವೆ. ಹೀಗೆ ಹೂಂಗುಟ್ಟುತ್ತ ನಮ್ಮ ಊರುಗಳ ಹಳೆಯ ಮನೆಗಳ ಮಣ್ಣಿನ ಬಿಲ್ಲೆ, ಬಣ್ಣದ ಹೂಬಿಲ್ಲೆ, ಶಹಾಬಾದಿನ ನುಣುಪುಗಲ್ಲು ಎಷ್ಟೋ ತಿಪ್ಪೆಯ ಪಾಲಾಗಿವೆ. ಅವುಗಳಲ್ಲಿ ಬಹುಪಾಲಿಗೆ ಇದ್ದದ್ದು ಸಂದಿನ ಕಾಯಿಲೆ ಮಾತ್ರ. ಬಿಲ್ಲೆಗಳು ಇನ್ನೂ ಎರಡು ತಲೆಮಾರು ಬಾಳುವಂತಿದ್ದವು ಎಂಬುದು ನನ್ನ ಎಣಿಕೆ.

ನಮ್ಮ ಮಾತಿನಲ್ಲಿ ನೆಲಕ್ಕೆ ಗೌರವ ಸಾಕಷ್ಟಿದೆ. ‘ನೆಲೆಗಟ್ಟು’ ಎಂಬ ಮಾತನ್ನು ವಿಮರ್ಶಕರು ದಿನಕ್ಕೆ ಹತ್ತು ಬಾರಿ ಬಳಸುತ್ತಾರೆ. ವೈಚಾರಿಕ ನೆಲೆಗಟ್ಟು, ಸಾಮಾಜಿಕ ನೆಲೆಗಟ್ಟು ಎಂದು. ಆ ಗಟ್ಟು ಕಟ್ಟುವವನ ಕೈಯಲ್ಲಿ ಹುಟ್ಟಿದ್ದೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಇಂಗ್ಲಿಷಿನ ಪೇವ್‌ಮೆಂಟ್ ಎಂಬ ಮಾತಿನ ಮೂಲ ಲ್ಯಾಟಿನ್ನಿನಲ್ಲಿ ‘ಬಡಿ’, ‘ಕುಟ್ಟು’ ಎಂಬ ಅರ್ಥದ ಧಾತು. ನೆಲವೆಂದರೆ ಕುಟ್ಟಿ ಗಟ್ಟಿಮಾಡಿದ್ದು. ನಮ್ಮ ಗಾರೆಯವರು ದಿಮ್ಮಸು ಕೊಡುವುದು ಎನ್ನುವುದೂ ಇದನ್ನೇ. ಬಿಲ್ಲೆ ಬರುವುದು ಆಮೇಲೆ. ಹಳೆಯ ಕಾಲದವರ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ಹಾಸು ನೆಲದ ಚರ್ಮ ಮಾತ್ರ. ಮಾಂಸವೂ ಮೂಳೆಯೂ ಅದರ ಕೆಳಗಿದ್ದವು.

ಈ ಮೂಳೆ ಮಾಂಸಗಳ ವಿವರ ನಮಗೆ ಸಾದ್ಯಂತವಾಗಿ ದೊರೆಯುವುದು ರೋಮಿನ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸನ ಗ್ರಂಥದಲ್ಲಿ. ಈತ ಕ್ರಿ.ಪೂ. ಒಂದನೆಯ ಶತಮಾನದವನು, ತನ್ನ ಹತ್ತು ಪುಸ್ತಕಗಳ ವಾಸ್ತುಗ್ರಂಥವನ್ನು ಅಗಸ್ಟಸ್ ಚಕ್ರವರ್ತಿಗೆ ಅರ್ಪಿಸಿದವನು. ಏಳನೆಯ ಪುಸ್ತಕದ ಮೊದಲ ಅಧ್ಯಾಯವೇ ನೆಲವನ್ನು ಕುರಿತದ್ದು. ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಎಲ್ಲ ಕಡೆಯೂ ಒಂದೇ ಸಮನೆ ಗಟ್ಟಿಯಾಗಿದೆಯೇ, ಇಲ್ಲವೇ ಎಲ್ಲಾದರೂ ತುಂಬಿದ ಮಣ್ಣಿದೆಯೇ ಎಂದು ನೋಡಬೇಕು. ತುಂಬಿದ ಮಣ್ಣಾದರೆ ಚೆನ್ನಾಗಿ ದಿಮ್ಮಸು ಕೊಡಬೇಕು. ಅದರ ಮೇಲೆ ಒಂದು ಹಿಡಿಗೆ ಕಡಿಮೆಯಿಲ್ಲದ ಗಾತ್ರದ ಕಲ್ಲುಗಳ ಹಾಸು. ಆಮೇಲೆ ಸುಣ್ಣ ಬೆರೆಸಿದ ಜಲ್ಲಿ. ಹೊಸ ಜಲ್ಲಿಯಾದರೆ ಮೂರು ಪಾಲಿಗೆ ಒಂದು ಪಾಲು ಸುಣ್ಣ, ಹಳೆಯ ಕಟ್ಟಡದ್ದಾದರೆ ಐದು ಪಾಲಿಗೆ ಎರಡು. ಇದನ್ನು ಆಳುಗಳ ತಂಡ ಮರದ ಕೊಡತಿಗಳಿಂದ ಮತ್ತೆ ಮತ್ತೆ ಬಡಿದ ಮೇಲೂ ಮುಕ್ಕಾಲು ಅಡಿ ದಪ್ಪ ಉಳಿದಿರಬೇಕು. ಅದರ ಮೇಲೆ ಮೂರು ಪಾಲು ಹೆಂಚಿನ ಪುಡಿಗೆ ಒಂದು ಪಾಲು ಸುಣ್ಣ ಕಲಸಿದ ಗಾರೆ, ಆರು ಬೆರಳಿನ ದಪ್ಪ. ಇಷ್ಟೆಲ್ಲ ಆದ ಮೇಲೆ ಬಿಲ್ಲೆ ಕೂರಿಸುವ ಮಾತು.

ಈ ಅಧ್ಯಾಯವನ್ನು ಓದುತ್ತಿರುವಾಗ ಇವನು ಕಾಯಿಲೆ ಬಿದ್ದ ನೆಲಗಳನ್ನು ನೋಡಿ ನೋಡಿ ಪಳಗಿದ ವೈದ್ಯನೆಂಬುದು ಸ್ಪಷ್ಟವಾಗುತ್ತದೆ. ಮಹಡಿಯ ಮರದ ತೊಲೆಗಳ ಮೇಲೆ ನೆಲ ಹಾಸುವಾಗ ಅವನು ಒಂದು ಎಚ್ಚರಿಕೆ ಹೇಳುತ್ತಾನೆ. ಕೆಳಗಿನ ಕೋಣೆಯ ಅಡ್ಡಗೋಡೆ ಮೇಲಿನ ನೆಲಕ್ಕೆ ತಾಗಬಾರದು, ನಡುವೆ ತೆರಪಿರಬೇಕು. ಯಾಕೆಂದರೆ ತೊಲೆಗಳು ಒಣಗಿ ಬಾಗುತ್ತವೆ, ಗೋಡೆ ಬಾಗುವುದಿಲ್ಲ. ಆಗ ಗೋಡೆಯ ಎಡಕ್ಕೂ ಬಲಕ್ಕೂ ನೆಲ ಬಿರುಕು ಬಿಡುತ್ತದೆ. ಕೆಲಸಗಾರ ಗಾರೆಯನ್ನು ಸರಿಯಾಗಿ ಕಲಸಲಿಲ್ಲವೆಂದು ಬೈಯುವುದು ಸುಲಭ. ವಿಟ್ರೂವಿಯಸನ ನೋಟ ಹೋಗುವುದು ಬೇರೆ ಕಡೆಗೆ. ಒಂದು ವಸ್ತು ಕದಲುತ್ತದೆ, ಪಕ್ಕದ್ದು ಕದಲುವುದಿಲ್ಲ. ಎರಡರ ನಡುವೆ ಬಿಡುವಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಹೇಳಿದ ಈ ಕಾರಣ ನಿನ್ನೆ ಮೊನ್ನೆ ಹಾಸಿದ ನೆಲಕ್ಕೂ ಅನ್ವಯಿಸುತ್ತದೆ.

ಬಯಲಿಗೆ ತೆರೆದ ನೆಲವನ್ನು ಕುರಿತು ಅವನು ಹೇಳುವ ಮಾತು ಇನ್ನೂ ಕುತೂಹಲಕರವಾದದ್ದು. ಎರಡಡಿ ಬಿಲ್ಲೆಗಳ ಅಂಚಿನಲ್ಲಿ ಒಂದು ಬೆರಳಗಲದ ಕಾಲುವೆ ಕೊರೆದು, ಎಣ್ಣೆಯಲ್ಲಿ ನಾದಿದ ಸುಣ್ಣವನ್ನು ಅದರಲ್ಲಿ ತುಂಬಿ, ಸಂದನ್ನು ಉಜ್ಜಿ ಬಿಗಿಮಾಡಬೇಕು. ಆಗ ನೀರು ಇಳಿಯುವುದಿಲ್ಲ. ಮತ್ತೆ, ಪ್ರತಿವರ್ಷವೂ ಚಳಿಗಾಲಕ್ಕೆ ಮುಂಚೆ ಆಲಿವ್ ಎಣ್ಣೆಯ ಗಾಣದಲ್ಲಿ ಉಳಿದ ಗಸಿಯನ್ನು ನೆಲಕ್ಕೆ ಕುಡಿಸಬೇಕು. ಹಾಗೆ ಮಾಡಿದರೆ ಹಿಮ ಒಳಹೋಗುವುದಿಲ್ಲ. ಈ ‘ಪ್ರತಿವರ್ಷವೂ’ ಎಂಬ ಮಾತನ್ನು ನೀವು ಗಮನಿಸಬೇಕು. ಸಂದು ಸವೆಯುತ್ತದೆ, ಅದನ್ನು ಕಾಲಕಾಲಕ್ಕೆ ನೋಡಿಕೊಳ್ಳಬೇಕೆಂಬುದು ಅವನ ಶಾಸ್ತ್ರದ ಒಳಗೇ ಸೇರಿದೆ. ನಮ್ಮ ವರಾಹಮಿಹಿರ ಇಂಥ ಜಾಗದಲ್ಲಿ ಸ್ವಲ್ಪ ಉದಾರಿ. ಆರನೆಯ ಶತಮಾನದ ಅವನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಒಂದು ಅಧ್ಯಾಯವೇ ಇದೆ. ತೂಬರೆಯ ಎಳೆಗಾಯಿ, ಬೇಲದ ಎಳೆಗಾಯಿ, ಬೂರುಗದ ಹೂ ಮೊದಲಾದವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳದಂಥ ಅಂಟುಗಳನ್ನು ಕೂಡಿಸಿ, ದೇವಾಲಯಕ್ಕೂ ಗೋಡೆಗೂ ಪ್ರತಿಮೆಗೂ ಬಿಸಿಯಾಗಿಯೇ ಬಳಿಯುವ ವಿಧಾನವನ್ನು ಅವನು ಹೇಳುತ್ತಾನೆ. ಅದರ ಬಾಳಿಕೆಗೆ ಅವನು ಕೊಡುವ ಅವಧಿ ಕೋಟಿ ವರ್ಷ! ಜ್ಯೋತಿಷಿಯ ಲೆಕ್ಕ, ಗಾರೆಯವನದಲ್ಲ.

ರೋಮನರ ಹೆಂಚಿನ ಪುಡಿಯ ಗಾರೆ ನಮಗೆ ಅಪರಿಚಿತವಾದದ್ದೇನಲ್ಲ. ಇಟ್ಟಿಗೆಯ ಪುಡಿಗೆ ನಮ್ಮಲ್ಲಿ ಸುರ್ಕಿ ಎಂದು ಹೆಸರು. ಕೆಂಪು ಎಂಬರ್ಥದ ಪಾರಸಿ ಮಾತಿನಿಂದ ಬಂದದ್ದು. ಸುಣ್ಣ, ಮರಳು, ಸುರ್ಕಿ ಮೂರನ್ನೂ ಎತ್ತು ಕಟ್ಟಿದ ಗಾರೆಗಾಣದಲ್ಲಿ ಅರೆದು, ಬೆಲ್ಲದ ನೀರನ್ನೋ ಅಳಲೆಕಾಯಿ ನೆನೆಹಾಕಿದ ನೀರನ್ನೋ ಬೆರೆಸಿ ಹದಮಾಡುತ್ತಿದ್ದುದು ನಮ್ಮ ಹಿರಿಯರ ನೆನಪಿನಲ್ಲಿ ಇದ್ದ ಸಂಗತಿ. ವಿಜಾಪುರದ ಗೋಲಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಆ ಗುಮ್ಮಟವನ್ನು 17ನೆಯ ಶತಮಾನದಿಂದ ಹಿಡಿದು ನಿಲ್ಲಿಸಿರುವುದು ಇಟ್ಟಿಗೆಯೂ ಸುಣ್ಣದ ಗಾರೆಯೂ. ಹೊಯ್ಸಳರ ಗುಡಿಗಳ ಕಲ್ಲಿನ ಜೋಡಣೆ ಗಾರೆಯನ್ನೇ ಬೇಡದ ಬೇರೆ ವಿದ್ಯೆ. ಅದರ ಮಾತು ಇಲ್ಲಿ ಬೇಡ.

ಸುಣ್ಣದ ಸ್ವಭಾವವನ್ನು ಸ್ವಲ್ಪ ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಅನಿಲ ಹೊರಟುಹೋಗುತ್ತದೆ. ನೀರು ಹಾಕಿದರೆ ಅದು ಭುಗಿಲ್ಲೆಂದು ಕಾದು ಅರಳುತ್ತದೆ. ಗಾರೆಯಾಗಿ ಸಂದಿನಲ್ಲಿ ಕುಳಿತ ಮೇಲೆ ಬಿಟ್ಟುಹೋದ ಅನಿಲವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯಬಹುದು. ಹೀಗಾದ ಕಲ್ಲು ಬಹಳ ಗಟ್ಟಿಯಲ್ಲ; ಬಿಲ್ಲೆ ಕೊಂಚ ಸರಿದರೆ ತಾನೂ ಕೊಂಚ ಸರಿಯುತ್ತದೆ, ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಣ್ಣ ಬಿರುಕು ಬಿಟ್ಟರೆ ಅದರಲ್ಲಿ ಇಳಿದ ನೀರು ಸುಣ್ಣವನ್ನು ಕರಗಿಸಿ ಮತ್ತೆ ಅಲ್ಲಿಯೇ ಹರಳಾಗಿಸಿ ಬಿರುಕನ್ನು ಮುಚ್ಚುವುದೂ ಉಂಟು. ರೋಮನರ ಕಾಂಕ್ರೀಟಿನಲ್ಲಿ ಅಲ್ಲಲ್ಲಿ ಕಾಣುವ ಸುಣ್ಣದ ಬಿಳಿಯ ಗಂಟುಗಳನ್ನು ಬಹುಕಾಲ ಅರೆಬರೆ ಕಲಸಿದ್ದರ ಗುರುತೆಂದೇ ಪಂಡಿತರು ಎಣಿಸಿದ್ದರು. ಈ ಗಂಟುಗಳೇ ಬಿರುಕನ್ನು ಮಾಯಿಸುವ ಮದ್ದೆಂದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಯೋಗದಿಂದ ತೋರಿಸಿದರು.

ಇಂಥ ಸುಣ್ಣದ ಹಾಸಿಗೆಯ ಮೇಲೆ ಮಲಗಿದ್ದ ನೆಲಗಳನ್ನು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಎಬ್ಬಿಸಿದ ಕಥೆ ಇನ್ನು ಬರುತ್ತದೆ. 1831ರಲ್ಲಿ ಇಟಲಿಯ ಪಾಂಪೆ ನಗರದ ಅವಶೇಷಗಳಲ್ಲಿ, ಫಾನನ ಮನೆಯೆಂದು ಕರೆಯುವ ದೊಡ್ಡ ಮನೆಯೊಂದರ ನೆಲದಲ್ಲಿ, ಅಲೆಗ್ಸಾಂಡರನೂ ಡೇರಿಯಸನೂ ಇದಿರುಬದಿರಾದ ಯುದ್ಧದ ಚಿತ್ರ ಸಿಕ್ಕಿತು. ಸುಮಾರು ಆರು ಮೀಟರು ಉದ್ದ, ಮೂರು ಮೀಟರಿಗೆ ಮಿಗಿಲಾದ ಅಗಲ. ಹತ್ತು ಲಕ್ಷಕ್ಕೂ ಹೆಚ್ಚು ಪುಟ್ಟ ಬಣ್ಣದ ಕಲ್ಲುಗಳು. ಡೇರಿಯಸನ ಕಣ್ಣಿನ ಭಯವನ್ನು ಕೂಡ ಕಲ್ಲಿನ ಚೂರುಗಳಲ್ಲೇ ತೋರಿಸಿದ ಕಲೆ ಅದು. ನಮ್ಮವರು ರಂಗವಲ್ಲಿಯನ್ನು ಬೆಳಿಗ್ಗೆ ಬರೆದು ಸಂಜೆಗೆ ಅಳಿಸಿಹೋಗಲು ಬಿಡುತ್ತಾರೆ. ಅವರು ನೆಲದ ಮೇಲೆ ಬರೆದದ್ದನ್ನು ಸುಣ್ಣದಲ್ಲಿ ಹೂತು ಉಳಿಸಿದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಿತು. 1843ರಲ್ಲಿ ಈ ಚಿತ್ರವನ್ನು ನೆಲದಿಂದ ಕಿತ್ತು ನೇಪಲ್ಸ್‌ನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. 1916ರಲ್ಲಿ ಅದನ್ನು ಗೋಡೆಗೆ ಏರಿಸಿದರು.

ನೆಲವನ್ನು ಗೋಡೆಗೆ ಏರಿಸಿದರೆ ಏನಾಗುತ್ತದೆ? ಮಲಗಿದ್ದಾಗ ಭೂಮಿ ಹೊರುತ್ತಿದ್ದ ಭಾರವನ್ನು ನಿಂತಾಗ ಸಂದಿನ ಗಾರೆಯೇ ಹೊರಬೇಕಾಗುತ್ತದೆ. ನೂರು ವರ್ಷ ಹೀಗೆ ನಿಂತ ಮೇಲೆ ವಸ್ತುಸಂಗ್ರಹಾಲಯದವರು ಪರೀಕ್ಷೆ ಮಾಡಿ ಕಂಡದ್ದು ಇವು: ಅಲ್ಲಲ್ಲಿ ಬಿಟ್ಟುಕೊಂಡ ಕಲ್ಲುಗಳು, ಮೇಲೆ ಸಣ್ಣ ಬಿರುಕುಗಳು, ಒಂದೆಡೆ ಉಬ್ಬು, ಒಂದೆಡೆ ತಗ್ಗು. ನಮ್ಮ ನಡುಮನೆಯ ನೆಲದ ದೂರಿನ ಪಟ್ಟಿಯೂ ಇದೇ. 2021ರಲ್ಲಿ ಅದರ ಜೀರ್ಣೋದ್ಧಾರದ ಕೆಲಸ ಆರಂಭವಾಯಿತು. ಚಿತ್ರದ ಬೆನ್ನಿನ ಕಡೆಯನ್ನು ನೋಡುವುದಕ್ಕೆ ವೈದ್ಯರು ಹೊಟ್ಟೆಯೊಳಗೆ ಇಳಿಸುವ ಕೊಳವೆಗಣ್ಣಿನಂಥ ಉಪಕರಣವನ್ನೇ ಬಳಸಬೇಕಾಯಿತು.

ಅದಕ್ಕಿಂತ ಕೆಟ್ಟ ಗತಿ ಬೇರೆ ನೆಲಗಳಿಗೆ ಬಂತು. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್ಡಿನ್ ಎಂಬ ಗಾರೆಕೆಲಸದವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದಿದ್ದ. ಒಂದೇ ದಿನದಲ್ಲಿ ಗಟ್ಟಿಯಾಗುವ, ಕಲ್ಲಿಗಿಂತ ಕಲ್ಲಾಗುವ ಈ ವಸ್ತುವನ್ನು ಕಂಡು ಜಗತ್ತು ಬೆರಗಾದದ್ದು ಸಹಜ. ಇಪ್ಪತ್ತನೆಯ ಶತಮಾನದಲ್ಲಿ ಇಟಲಿ, ಉತ್ತರ ಆಫ್ರಿಕ, ಪಶ್ಚಿಮ ಏಷ್ಯಗಳಲ್ಲಿ ಸಿಕ್ಕ ನೂರಾರು ಚಿತ್ರನೆಲಗಳನ್ನು ಕಿತ್ತು, ಹಳೆಯ ಸುಣ್ಣವನ್ನೆಲ್ಲ ಕೆರೆದು ಎಸೆದು, ಬೆನ್ನಿಗೆ ಕಬ್ಬಿಣದ ಸಲಾಕೆ ಹಾಕಿದ ಸಿಮೆಂಟಿನ ಹಲಗೆ ಎರಕ ಹೊಯ್ದರು. ಇನ್ನು ಇವಕ್ಕೆ ಸಾವಿಲ್ಲ ಎಂದುಕೊಂಡರು. ಕೆಲವೇ ದಶಕಗಳಲ್ಲಿ ತೇವ ಒಳಸೇರಿ ಸಲಾಕೆಗಳು ತುಕ್ಕು ಹಿಡಿದವು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಿಮೆಂಟು ಸೀಳಿತು, ಅದಕ್ಕೆ ಬಿಡದಂತೆ ಅಂಟಿಕೊಂಡಿದ್ದ ಪ್ರಾಚೀನ ಕಲ್ಲುಗಳೂ ಜೊತೆಗೇ ಸೀಳಿದವು. ಸಿಮೆಂಟಿನೊಳಗಿನ ಲವಣಗಳು ತೇವದೊಡನೆ ಮೇಲೆ ಬಂದು ಕಲ್ಲಿನ ಮುಖವನ್ನೇ ಉದುರಿಸಿದವು. ಎಷ್ಟೋ ಕಡೆ ಸಾವಿರದೆಂಟುನೂರು ವರ್ಷ ಬಾಳಿದ ನೆಲ ಅದರ ರಕ್ಷಕರ ಕೈಯಲ್ಲಿ ಐವತ್ತು ವರ್ಷ ಬಾಳಲಿಲ್ಲ. ಅಥೆನ್ಸಿನ ಪಾರ್ಥೆನಾನಿನಲ್ಲಿ ಬಲಾನೋಸ್ ಎಂಬ ಎಂಜಿನಿಯರು ಕಲ್ಲುಗಳಿಗೆ ಹಾಕಿಸಿದ ಕಬ್ಬಿಣದ ಪಟ್ಟಿಗಳೂ ಹೀಗೆಯೇ ತುಕ್ಕಾಗಿ ಅಮೃತಶಿಲೆಯನ್ನು ಒಡೆದವು. ಪ್ರಾಚೀನ ಗ್ರೀಕರೂ ಕಬ್ಬಿಣದ ಪಟ್ಟಿಯನ್ನೇ ಬಳಸಿದ್ದರು. ಆದರೆ ಅದರ ಸುತ್ತ ಮೆತ್ತನೆಯ ಸೀಸವನ್ನು ಎರಕ ಹೊಯ್ದಿದ್ದರು.

1977ರಲ್ಲಿ ರೋಮಿನಲ್ಲಿ ಸೇರಿದ ತಜ್ಞರು ಚಿತ್ರನೆಲಗಳ ಸಂರಕ್ಷಣೆಗೆಂದೇ ಒಂದು ಅಂತರರಾಷ್ಟ್ರೀಯ ಸಮಿತಿಯನ್ನು ಕಟ್ಟಿಕೊಂಡರು. ಅಲ್ಲಿಂದೀಚೆಗೆ ಬೆಳೆದ ಪದ್ಧತಿ ಸುಣ್ಣಕ್ಕೆ ಮರಳಿದ ಪದ್ಧತಿ. ಸಾಧ್ಯವಾದಷ್ಟು ನೆಲವನ್ನು ಕೀಳಬೇಡ, ಇದ್ದಲ್ಲೇ ವಾಸಿಮಾಡು. ತಟ್ಟಿ ನೋಡಿ ಟೊಳ್ಳಿರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸು. ಸಂದಿನ ಮೂಲಕ ತಿಳಿಯಾದ ಸುಣ್ಣದ ಗಾರೆಯನ್ನು ಪಿಚಕಾರಿಯಿಂದ ಒಳಗಿಳಿಸು. ಪುಡಿಯಾದ ಸಂದನ್ನು ಕೆರೆದು ಸುಣ್ಣದಿಂದಲೇ ತುಂಬು. ತುಂಬುವ ಗಾರೆ ಪಕ್ಕದ ಕಲ್ಲಿಗಿಂತ ಮೆತ್ತಗಿರಲಿ. ಮುಂದೆ ಎಂದಾದರೂ ಒತ್ತಡ ಬಂದರೆ ಮೊದಲು ಪುಡಿಯಾಗುವುದು ಗಾರೆಯಾಗಲಿ, ಕಲ್ಲು ಉಳಿಯಲಿ. ಪುಡಿಯಾದ ಗಾರೆ ಎಂದರೆ ತನ್ನ ಕೆಲಸ ಮಾಡಿ ಮುಗಿಸಿದ ಗಾರೆ. ಅದನ್ನು ದೋಷವೆಂದು ಕಂಡವರೇ ಸಿಮೆಂಟಿನ ಹಲಗೆಗೆ ಹೋದದ್ದು.

ಈ ಕಥೆ ನಮ್ಮ ಮನೆಯೊಳಗೂ ಇನ್ನೊಂದು ರೂಪದಲ್ಲಿ ನಡೆದಿದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದ. ಮಂಗಳೂರು ಹೆಂಚೆಂದರೆ ಎಲ್ಲರಿಗೂ ಮಾಡೇ ನೆನಪಾಗುವುದು. ನೆಲದ ಬಿಲ್ಲೆಗಳೂ ಅಲ್ಲಿಂದ ಬಂದವು. (1894ರಲ್ಲಿ ಕಿಟ್ಟೆಲ್ ಅವರ ಮಹಾನಿಘಂಟನ್ನು ಪ್ರಕಟಿಸಿದ್ದೂ ಇದೇ ಮಿಷನ್. ಕನ್ನಡಿಗರ ತಲೆಯ ಮೇಲಕ್ಕೂ ಕಾಲ ಕೆಳಕ್ಕೂ ನಾಲಗೆಗೂ ಏಕಕಾಲದಲ್ಲಿ ಒದಗಿದ ಸಂಸ್ಥೆ ಇನ್ನೊಂದಿರಲಾರದು!) ಬೇಯಿಸಿದ ಮಣ್ಣಿನ ಈ ಬಿಲ್ಲೆ ನೀರನ್ನು ಹೀರುತ್ತದೆ, ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿ ಕೂರಿಸಿದರೆ ಗಾರೆಯ ಸಾರ ಅದರ ಬೆನ್ನಿನ ರಂಧ್ರಗಳಿಗೆ ಇಳಿದು ಬೇರು ಬಿಡುತ್ತದೆ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಸ್ವತಃ ಸುಣ್ಣಕಲ್ಲೇ. ಸುಣ್ಣದ ಗಾರೆಗೂ ಅದಕ್ಕೂ ದಾಯಾದಿ ಸಂಬಂಧ, ಜಗಳವಿಲ್ಲದ್ದು. ಆಮೇಲೆ ಬಂದದ್ದು ಯಂತ್ರದಲ್ಲಿ ಒತ್ತಿ ಮಾಡಿದ ಸಿಮೆಂಟಿನ ಬಣ್ಣದ ಬಿಲ್ಲೆ. ಮುಂಬಯಿಯಲ್ಲಿ ಸ್ವದೇಶಿಯ ಉತ್ಸಾಹದಿಂದ ಭಾರತ್ ಟೈಲ್ಸ್ ಆರಂಭವಾದದ್ದು 1922ರಲ್ಲಿ. ಇದನ್ನು ಸುಡುವುದಿಲ್ಲ; ನೀರಿನಲ್ಲಿಟ್ಟು ಗಟ್ಟಿಮಾಡುತ್ತಾರೆ. ಇವೆಲ್ಲವೂ ಒಂದು ಮಟ್ಟಿಗೆ ನೀರು ಕುಡಿಯುವ ಜಾತಿ.

ಈಗ ಎಲ್ಲೆಲ್ಲೂ ಕಾಣುವ ವಿಟ್ರಿಫೈಡ್ ಟೈಲು ಹಾಗಲ್ಲ. ಗಾಜಿನಂತಾಗುವ ತನಕ ಬೇಯಿಸಿದ ಈ ಬಿಲ್ಲೆ ತನ್ನ ತೂಕದ ನೂರಕ್ಕೆ ಅರ್ಧ ಪಾಲಿನಷ್ಟು ನೀರನ್ನೂ ಹೀರುವುದಿಲ್ಲ. ಅದನ್ನು ನೆನೆಸಿ ಪ್ರಯೋಜನವಿಲ್ಲ. ಸಿಮೆಂಟಿನ ತಿಳಿ ಅದರ ಬೆನ್ನಿಗೆ ಬೇರು ಬಿಡಲು ರಂಧ್ರವೇ ಇಲ್ಲ. ಅದಕ್ಕೆಂದೇ ಮಾಡಿದ ಅಂಟುಗಾರೆ ಬೇಕು. ಆದರೆ ಕೈ ತನ್ನ ಹಳೆಯ ಅಭ್ಯಾಸವನ್ನು ಬೇಗ ಬಿಡುವುದಿಲ್ಲ. ಅಜ್ಜ ಮಣ್ಣಿನ ಬಿಲ್ಲೆ ಕೂರಿಸಿದ ವಿಧಾನದಲ್ಲೇ ಮೊಮ್ಮಗ ಗಾಜಿನ ಬಿಲ್ಲೆ ಕೂರಿಸುತ್ತಾನೆ. ಎರಡು ವರ್ಷದಲ್ಲಿ ಅದು ಡಬ್ಬದಂತೆ ಸದ್ದು ಮಾಡುತ್ತದೆ. ಇದರ ಮೇಲೆ ಮನೆಯ ಯಜಮಾನರ ಆಸೆ ಬೇರೆ. ಸಂದೇ ಕಾಣಬಾರದು, ನೆಲ ಕೊಳದ ನೀರಿನಂತೆ ಹೊಳೆಯಬೇಕು. ಮಯಸಭೆ ಬೇಕು! ಬಿಲ್ಲೆಗೆ ಬಿಲ್ಲೆ ತಾಗಿಸಿ, ಗೋಡೆಗೂ ತಾಗಿಸಿ ಕೂರಿಸುತ್ತಾರೆ. ಕೆಳಗಿನ ಕಾಂಕ್ರೀಟು ವರ್ಷಗಟ್ಟಲೆ ಒಣಗುತ್ತ ಕುಗ್ಗುತ್ತದೆ; ಮೇಲಿನ ಬಿಲ್ಲೆ ಬಿಸಿಲಿಗೆ ಹಿಗ್ಗುತ್ತದೆ; ಅದರಲ್ಲೂ ಬೇಯಿಸಿದ ಮಣ್ಣಿನ ಬಿಲ್ಲೆ ಗಾಳಿಯ ತೇವದಿಂದ ಕಾಲಕ್ರಮದಲ್ಲಿ ಕೊಂಚ ಬೆಳೆಯುತ್ತದೆ, ಹಾಗೆ ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ. ಹೋಗಲು ಜಾಗವಿಲ್ಲದ ಬಿಲ್ಲೆಗಳು ಒಂದು ದಿನ ದೊಡ್ಡ ಸದ್ದಿನೊಡನೆ ಡೇರೆಯಂತೆ ಮೇಲೇಳುತ್ತವೆ. ಇಂಥದ್ದಕ್ಕೆ ಭೂತಚೇಷ್ಟೆ ಎಂದು ಶಾಂತಿ ಮಾಡಿಸಿದವರನ್ನು ನಾನು ಬಲ್ಲೆ. ಗೋಡೆಯ ಬುಡದಲ್ಲಿ ಒಂದು ಕಡ್ಡಿಯಗಲ ಬಿಟ್ಟಿದ್ದರೆ ಪುರೋಹಿತರ ದಕ್ಷಿಣೆ ಉಳಿಯುತ್ತಿತ್ತು.

ಹಾಗಾದರೆ ನೆಲದ ಕಾಯಿಲೆಯನ್ನು ಕಂಡುಹಿಡಿಯುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸಿಗೆ ಈ ವಿದ್ಯೆ ಗೊತ್ತಿದೆ: ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ. ಕರಣೆಯ ಮರದ ಹಿಡಿಯಿಂದಲೋ ಒಂದು ನಾಣ್ಯದಿಂದಲೋ ಪ್ರತಿ ಬಿಲ್ಲೆಯ ನಾಲ್ಕು ಮೂಲೆ ಮತ್ತು ನಡುವನ್ನು ತಟ್ಟಿನೋಡಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತ ಬಂದರೆ ಅರ್ಧ ಗಂಟೆಯಲ್ಲಿ ನೆಲದ ಜಾತಕ ಕಣ್ಣೆದುರಿಗೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಬಿಲ್ಲೆಯಾದರೆ ಅದು ಕೂರಿಸಿದವನ ಅವಸರ. ಒಂದು ಗೆರೆಯುದ್ದಕ್ಕೂ ಆಗಿದ್ದರೆ ಕೆಳಗಿನ ಬಿರುಕನ್ನೋ ತೊಲೆಯನ್ನೋ ನೋಡಬೇಕು. ವಿಟ್ರೂವಿಯಸನ ಅಡ್ಡಗೋಡೆ ಅದು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಹೂ ಕಂಡರೆ ತೇವ ಕೆಳಗಿನಿಂದ ಏರುತ್ತಿದೆ. ಆ ತೇವಕ್ಕೆ ದಾರಿ ಕಾಣಿಸದೆ ನೆಲವನ್ನು ಎಷ್ಟು ಸಲ ಬದಲಿಸಿದರೂ ಹಣ ದಂಡ. ಬಚ್ಚಲಿನಲ್ಲಿ ಮಾತ್ರ ಸಂದು ಕರಗಿದ್ದರೆ ಕಾರಣ ಬಹಳ ಸಲ ತೊಳೆಯಲು ಸುರಿದ ಆಸಿಡ್; ಸುಣ್ಣವನ್ನೂ ಸಿಮೆಂಟನ್ನೂ ಅದು ತಿನ್ನುತ್ತದೆ. ಹೊಸ ಸಂದೇ ಪುಡಿಯಾಗಿದ್ದರೆ ಕಲಸುವಾಗ ನೀರು ಹೆಚ್ಚಾಯಿತು, ಇಲ್ಲವೇ ತುಂಬಿದ ಮೇಲೆ ನೀರುಣಿಸಲಿಲ್ಲ. ಸದ್ದು ಟೊಳ್ಳಾಗಿದ್ದರೂ ಅಲುಗದೆ, ಸಂದು ಬಿರಿಯದೆ ಇರುವ ಬಿಲ್ಲೆಯನ್ನು ಹಾಗೆಯೇ ಬಿಡುವುದು ಜಾಣತನ. ಅರವತ್ತು ದಾಟಿದವರ ಮೊಣಕಾ­ಲೂ ಸದ್ದು ಮಾಡುತ್ತದೆ. ಯಾರೂ ಅದನ್ನು ಕಿತ್ತುಹಾಕುವುದಿಲ್ಲ.

ಕೀಳಲೇಬೇಕಾದ ಬಿಲ್ಲೆಯನ್ನು ಕೀಳುವ ಕ್ರಮವುಂಟು. ಸುತ್ತಲ ಸಂದನ್ನು ಮೊದಲು ಪೂರ್ತಿಯಾಗಿ ಕೆರೆದು ತೆಗೆದರೆ ಪಕ್ಕದ ಬಿಲ್ಲೆಯ ಅಂಚು ಒಡೆಯುವುದಿಲ್ಲ. ಸುಣ್ಣದಲ್ಲಿ ಕೂತದ್ದು ಇಡಿಯಾಗಿ ಬರುತ್ತದೆ. ಸಿಮೆಂಟಿನಲ್ಲಿ ಬಿಗಿದದ್ದು ಹಲವು ಸಲ ಚೂರಾಗಿಯೇ ಬರುವುದು. ಬಂದ ಬಿಲ್ಲೆಯನ್ನು ತಿರುಗಿಸಿ ಬೆನ್ನನ್ನು ನೋಡಬೇಕು. ಬೆನ್ನು ಬೋಳಾಗಿದ್ದರೆ ಗಾರೆ ಬಿಲ್ಲೆಯನ್ನು ಹಿಡಿಯಲೇ ಇಲ್ಲ. ಬಿಲ್ಲೆ ಒಣಗಿತ್ತು, ದೂಳಾಗಿತ್ತು, ಇಲ್ಲವೇ ಗಾಜಿನ ಜಾತಿಯದು. ಗಾರೆಯ ದೋಸೆ ಬೆನ್ನಿಗೆ ಅಂಟಿಕೊಂಡೇ ಬಂದಿದ್ದರೆ ತಪ್ಪು ಕೆಳಗಿನ ತಳದ್ದು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಮಾತ್ರ ಇದ್ದರೆ ಯಾರೋ ಸಾಮಾನು ಉಳಿಸಿದ್ದಾರೆ.

ಮತ್ತೆ ಕೂರಿಸುವಾಗ ತಳವನ್ನು ದೂಳಿಲ್ಲದಂತೆ ಗುಡಿಸಿ ತೇವಮಾಡಿ, ಹಳೆಯ ಗಾರೆ ಯಾವುದೆಂದು ನೋಡಿ ಅದೇ ಜಾತಿಯ ಗಾರೆಯನ್ನು ಇಡಿಯ ಹರಹಿಗೂ ಹಾಸಿ, ಬಿಲ್ಲೆಯನ್ನು ಒತ್ತಿ, ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ, ರಸಮಟ್ಟವಿಟ್ಟು ನೋಡಬೇಕು. ಒಂದು ದಿನ ಅದರ ಮೇಲೆ ಯಾರೂ ಕಾಲಿಡಬಾರದು. ಸಂದು ತುಂಬುವುದು ಮರುದಿನದ ಕೆಲಸ. ಮೇಲೆ ಮೇಲೆ ಸವರಿದ ಗಾರೆ ಮಳೆಗಾಲ ಕಳೆಯುವುದರೊಳಗೆ ಸಿಪ್ಪೆಯಾಗಿ ಏಳುತ್ತದೆ; ಬಿಲ್ಲೆಯ ದಪ್ಪದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಆಳಕ್ಕಾದರೂ ಅದು ಇಳಿಯಬೇಕು. ಅಗಲವಾದ ಸಂದಿಗೆ ನುಣ್ಣನೆಯ ಮರಳು ಬೆರೆತಿರಬೇಕು, ಬರಿಯ ಸಿಮೆಂಟು ಒಣಗಿ ಬಿರಿಯುತ್ತದೆ. ಗಾರೆ ಇಡ್ಲಿ ಹಿಟ್ಟಿನಂತಿರದೆ ಚಪಾತಿ ಹಿಟ್ಟಿಗೆ ಹತ್ತಿರವಾಗಿರಲಿ. ತುಂಬಿದ ಮೇಲೆ ಎರಡು ಮೂರು ದಿನ ಒದ್ದೆ ಗೋಣಿಚೀಲ ಹೊದಿಸಬೇಕು. ಗೋಡೆಯ ಬುಡದ ತೆರಪನ್ನು ಮಾತ್ರ ಗಾರೆಯಿಂದ ಮುಚ್ಚಬೇಡವೆಂದು ಮೇಸ್ತ್ರಿಗೆ ಮುಂಚೆಯೇ ಹೇಳಿಟ್ಟಿರುವುದು ಒಳ್ಳೆಯದು. ಇಲ್ಲದಿದ್ದರೆ ಕೆಲಸ ಚೊಕ್ಕವಾಗಲೆಂದು ಅವನು ಅದನ್ನೂ ತುಂಬಿಬಿಡುತ್ತಾನೆ. ಗೋಡೆಗೆ ಹೊಂದಿಸುವ ಅಂಚುಪಟ್ಟಿ ಅದರ ಮೇಲೆ ಬರುತ್ತದೆ. ಹೊರಗೆ ನಿಂತವರಿಗೆ ಆ ತೆರಪು ಕಾಣುವುದೇ ಇಲ್ಲ.